ಬೆಕ್ಕು ಮೈ ನೆಕ್ಕುವುದು ಅತಿಯಾದಾಗ

ಬೆಕ್ಕು ತನ್ನ ಮೈಯನ್ನು ನೆಕ್ಕಿ ಶುಚಿಗೊಳಿಸಿಕೊಳ್ಳುವುದನ್ನು ನೋಡದವರು ವಿರಳ. ಹೊಟ್ಟೆ ತುಂಬಿದ ಮೇಲೆ ಜಗಲಿಯ ಮೇಲೋ ಒಲೆಯ ಬೆಚ್ಚನೆಯ ಮಗ್ಗುಲಲ್ಲೋ ಕುಳಿತು, ಮುಂಗಾಲನ್ನು ನಾಲಗೆಯಿಂದ ಒದ್ದೆಮಾಡಿ ಮುಖವನ್ನೊರಸಿಕೊಂಡು, ಬಳಿಕ ಎದೆ, ಪಕ್ಕೆ, ಹೊಟ್ಟೆ, ಹಿಂಗಾಲು, ಬಾಲ ಇವುಗಳನ್ನು ನೆಕ್ಕುತ್ತ ಬರುವ ಈ ಪ್ರಾಣಿಯ ಶುಚಿತ್ವವು ಎಲ್ಲರ ಮೆಚ್ಚಿಕೆಗೂ ಪಾತ್ರವಾಗಿದೆ. ಎಚ್ಚರವಾಗಿರುವ ಹೊತ್ತಿನ ಅರ್ಧಭಾಗವನ್ನು ಬೆಕ್ಕು ಇದಕ್ಕಾಗಿಯೇ ವ್ಯಯಮಾಡುತ್ತದೆಂದು ಹೇಳುವವರುಂಟು. ಅದು ಉತ್ಪ್ರೇಕ್ಷೆ. ಅಮೆರಿಕದ ಡೇವಿಸ್ ನಗರದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಎಕ್‌ಸ್ಟೈನ್ ಮತ್ತು ಹಾರ್ಟ್ ಎಂಬ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಬೆಕ್ಕು ದಿನದ ಒಟ್ಟು ಕಾಲದಲ್ಲಿ ಶೇಕಡ 4 ಭಾಗವನ್ನು, ಅಂದರೆ ಹೆಚ್ಚುಕಡಮೆ ಒಂದು ಗಂಟೆಯನ್ನು, ನೆಕ್ಕುವುದರಲ್ಲಿ ಕಳೆಯುತ್ತದೆ. ನಿದ್ದೆ ಮತ್ತು ವಿಶ್ರಾಂತಿಯ ಹೊತ್ತನ್ನು ಬಿಟ್ಟು ಲೆಕ್ಕಹಾಕಿದರೆ ಇದು ಶೇಕಡ 8 ಆಗುತ್ತದೆ.

ಆದರೆ ಕೆಲವು ಬೆಕ್ಕುಗಳಲ್ಲಿ ಈ ಮಿತಿ ತಪ್ಪಿಹೋಗುತ್ತದೆ. ಹೊಟ್ಟೆಯ ಅಡಿಭಾಗ, ತೊಡೆಯ ಒಳಮಗ್ಗುಲು, ಪಕ್ಕೆ, ಇವುಗಳ ಕೂದಲು ದಿನೇ ದಿನೇ ತೆಳ್ಳಗಾಗಿ ಕೊನೆಗೆ ಬರಿಯ ಚರ್ಮ ಕಾಣತೊಡಗುತ್ತದೆ. ಕೆಲವೊಮ್ಮೆ ಅಲ್ಲಿ ಹುಣ್ಣುಗಳೂ ಏಳುತ್ತವೆ. “ಇದಕ್ಕೆ ಕೆಟ್ಟ ಚಟ ಹಿಡಿದಿದೆ” ಎಂದು ಮನೆಯವರು ಗದರಿಸುವುದುಂಟು. “ಕೂದಲುದುರುವ ರೋಗ” ಎಂದು ಎಣ್ಣೆ ಸವರುವುದೂ ಉಂಟು. ಎರಡರಿಂದಲೂ ಪ್ರಯೋಜನವಿಲ್ಲ, ಎರಡನೆಯದರಿಂದ ಅಪಾಯವೂ ಇದೆ. ಅತಿಯಾಗಿ ನೆಕ್ಕುವುದು ಚಟವಲ್ಲ, ಸ್ವತಂತ್ರವಾದ ರೋಗವೂ ಅಲ್ಲ. ಅದು ಬೇರೊಂದು ಬಾಧೆಯ ಲಕ್ಷಣ. ಆ ಬಾಧೆ ಬಹುಮಟ್ಟಿಗೆ ಚರ್ಮದ ನವೆಯೇ. ಈ ಸಾಮಾನ್ಯ ಸತ್ಯವನ್ನು ಕಂಡುಕೊಳ್ಳಲು ಪಶುವೈದ್ಯಶಾಸ್ತ್ರವು ಎರಡು ತಪ್ಪು ದಾರಿಗಳನ್ನು ತುಳಿದು ಹಿಂದಿರುಗಬೇಕಾಯಿತು.

ನಾಲಗೆಯೆಂಬ ಬಾಚಣಿಗೆ

ಬೆಕ್ಕಿನಿಂದ ಕೈ ನೆಕ್ಕಿಸಿಕೊಂಡವರಿಗೆ ಅದರ ನಾಲಗೆ ಅರದಂತೆ ಒರಟಾಗಿರುವುದು ಗೊತ್ತು. ನಾಲಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ನೂರಾರು ಸಣ್ಣ ಮುಳ್ಳುಗಳಿವೆ. ನಮ್ಮ ಉಗುರು ಯಾವ ವಸ್ತುವಿನಿಂದ ಆಗಿದೆಯೋ ಆ ಕೆರಾಟಿನ್ನಿನಿಂದಲೇ ಈ ಮುಳ್ಳುಗಳೂ ಆಗಿವೆ. ಅಮೆರಿಕದ ಜಾರ್ಜಿಯ ತಾಂತ್ರಿಕ ಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹೂ ಎಂಬುವರು 2018ರಲ್ಲಿ ಈ ಮುಳ್ಳುಗಳ ರಚನೆಯನ್ನು ವಿವರವಾಗಿ ಪರೀಕ್ಷಿಸಿದರು. ಮುಳ್ಳಿನ ತುದಿ ಚೂಪಾದ ಘನವಸ್ತುವಲ್ಲ. ಅದರಲ್ಲಿ ಸೌಟಿನಂತಹ ಒಂದು ಟೊಳ್ಳು ಉಂಟು. ಸಣ್ಣ ಕೊಳವೆಯಲ್ಲಿ ನೀರು ತಾನಾಗಿಯೇ ಏರುವಂತೆ, ಲೋಮನಾಳ ಕ್ರಿಯೆಯಿಂದ ಈ ಟೊಳ್ಳಿನಲ್ಲಿ ಜೊಲ್ಲು ತುಂಬಿಕೊಳ್ಳುತ್ತದೆ. ನಾಲಗೆ ಕೂದಲಿನೊಳಗೆ ಇಳಿದಾಗ ಆ ಜೊಲ್ಲು ಬುಡದವರೆಗೂ ತಲಪುತ್ತದೆ.

ಹೀಗೆ ಬೆಕ್ಕಿನ ನಾಲಗೆಯು ಒಂದೇ ಕಾಲದಲ್ಲಿ ಬಾಚಣಿಗೆಯೂ ಹೌದು, ಸ್ನಾನದ ಪಾತ್ರೆಯೂ ಹೌದು. ಸಡಿಲವಾದ ಕೂದಲನ್ನು ಅದು ಕೀಳುತ್ತದೆ, ಧೂಳನ್ನು ತೊಳೆಯುತ್ತದೆ, ಮೈಯ ಮೇಲಿನ ಜೊಲ್ಲು ಆವಿಯಾಗುವಾಗ ಶಾಖವನ್ನು ಹೀರಿ ದೇಹವನ್ನು ತಂಪುಮಾಡುತ್ತದೆ. ಆದರೆ ಇದೇ ಸಾಧನವನ್ನು ಒಂದೇ ಜಾಗದಲ್ಲಿ ದಿನಕ್ಕೆ ನೂರಾರು ಸಲ ಎಳೆದರೆ ಏನಾಗಬೇಕು? ಅರದಿಂದ ಉಜ್ಜಿದಂತೆ ಕೂದಲು ತುಂಡಾಗುತ್ತದೆ. ಅನಂತರ ಚರ್ಮವೂ ಸವೆಯುತ್ತದೆ.

ನೆಕ್ಕುವುದಕ್ಕೆ ಎರಡು ಪ್ರೇರಣೆಗಳು

ಮೈ ಕೊಳೆಯಾದಾಗ ಮಾತ್ರ ಬೆಕ್ಕು ನೆಕ್ಕುತ್ತದೆಂದು ತಿಳಿಯಬಾರದು. ಎಕ್‌ಸ್ಟೈನ್ ಮತ್ತು ಹಾರ್ಟ್ ಅವರು ಕೆಲವು ಬೆಕ್ಕುಗಳ ಕೊರಳಿಗೆ ಆಲಿಕೆಯಾಕಾರದ ಪಟ್ಟಿಯನ್ನು ಕಟ್ಟಿ, ಮೂರು ದಿನ ಮೈ ನೆಕ್ಕಲು ಆಗದಂತೆ ಮಾಡಿದರು. ಪಟ್ಟಿಯನ್ನು ಬಿಚ್ಚಿದೊಡನೆ ಆ ಬೆಕ್ಕುಗಳು, ಬಾಕಿಯುಳಿದ ಕೆಲಸವನ್ನು ಪೂರೈಸುವಂತೆ, ವಾಡಿಕೆಗಿಂತ ಹೆಚ್ಚಾಗಿ ನೆಕ್ಕಿಕೊಂಡವು. ಇದರಿಂದ, ನೆಕ್ಕುವಿಕೆಯನ್ನು ನಡೆಸುವ ಒಂದು ಗಡಿಯಾರ ಬೆಕ್ಕಿನ ಮೆದುಳಿನಲ್ಲಿಯೇ ಇದೆಯೆಂದು ಊಹಿಸಬಹುದು. ಇದು ಮೊದಲನೆಯ ಪ್ರೇರಣೆ.

ಎರಡನೆಯದು ಚರ್ಮದಿಂದ ಬರುವ ಪ್ರೇರಣೆ. ಚಿಗಟಗಳಿದ್ದ ಬೆಕ್ಕುಗಳು, ಇಲ್ಲದ ಬೆಕ್ಕುಗಳಿಗಿಂತ ಎರಡರಷ್ಟು ಹೆಚ್ಚಾಗಿ ನೆಕ್ಕಿಕೊಳ್ಳುವುದನ್ನು ಅದೇ ವಿಜ್ಞಾನಿಗಳು ಕಂಡರು. ಚಿಗಟಗಳಿಂದ ತುಂಬಿದ ಒಂದು ಮನೆಯಲ್ಲಿ ಕೊರಳಪಟ್ಟಿ ಕಟ್ಟಿದ ಬೆಕ್ಕುಗಳ ಮೈಮೇಲೆ, ಮೂರು ವಾರಗಳ ಬಳಿಕ, ಸ್ವತಂತ್ರವಾಗಿ ನೆಕ್ಕಿಕೊಳ್ಳುತ್ತಿದ್ದ ಬೆಕ್ಕುಗಳಿಗಿಂತ ಸುಮಾರು ಎರಡರಷ್ಟು ಚಿಗಟಗಳು ಉಳಿದಿದ್ದವು. ಅಂದಮೇಲೆ ನೆಕ್ಕುವುದು ಬೆಕ್ಕಿನ ಪಾಲಿಗೆ ಅಲಂಕಾರವಲ್ಲ, ಆತ್ಮರಕ್ಷಣೆ. ಚರ್ಮದಲ್ಲಿ ನವೆಯುಂಟಾದರೆ ಮನುಷ್ಯನು ಕೆರೆದುಕೊಳ್ಳುತ್ತಾನೆ, ನಾಯಿಯೂ ಕೆರೆದುಕೊಳ್ಳುತ್ತದೆ; ಬೆಕ್ಕು ಬಹಳವಾಗಿ ನೆಕ್ಕಿಕೊಳ್ಳುತ್ತದೆ. ಕೆರೆತವು ನೋಡುವವರಿಗೆ ರೋಗದಂತೆ ಕಾಣುತ್ತದೆ. ನೆಕ್ಕುವುದು ಶುಚಿತ್ವದಂತೆ ಕಾಣುತ್ತದೆ. ಬೆಕ್ಕಿನ ಸಂಕಟವು ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಇದೇ ಮುಖ್ಯ ಕಾರಣ.

ಉದುರಿದ ಕೂದಲೋ, ಮುರಿದ ಕೂದಲೋ?

ಹೊಟ್ಟೆ ಮತ್ತು ತೊಡೆಗಳ ಕೂದಲು ಎರಡು ಪಕ್ಕದಲ್ಲಿಯೂ ಸಮಸಮನಾಗಿ ಹೋಗಿರುವುದನ್ನು ಕಂಡ ಹಿಂದಿನ ವೈದ್ಯರು, ಇದು ನಿರ್ನಾಳ ಗ್ರಂಥಿಗಳ ದೋಷವೆಂದು ಭಾವಿಸಿದರು. ದೇಹದ ಎರಡು ಅರ್ಧಗಳಲ್ಲಿಯೂ ಒಂದೇ ರೀತಿಯ ಬದಲಾವಣೆಯಾಗಬೇಕಾದರೆ ರಕ್ತದಲ್ಲಿ ಹರಿಯುವ ಹಾರ್ಮೋನೇ ಕಾರಣವಾಗಿರಬೇಕೆಂಬುದು ಅವರ ತರ್ಕ. ಬೆಕ್ಕು ನೆಕ್ಕುವುದನ್ನು ಮನೆಯವರೂ ಕಂಡಿರಲಿಲ್ಲ; ಏಕೆಂದರೆ ಅನೇಕ ಬೆಕ್ಕುಗಳು ಜನರಿಲ್ಲದ ಮೂಲೆಯಲ್ಲಿ, ರಾತ್ರಿಯ ಹೊತ್ತಿನಲ್ಲಿ ನೆಕ್ಕಿಕೊಳ್ಳುತ್ತವೆ. ಆದುದರಿಂದ ಹಾರ್ಮೋನು ಮದ್ದುಗಳನ್ನು ಕೊಡುವುದು ವಾಡಿಕೆಯಾಯಿತು. ಕೆಲವು ಬೆಕ್ಕುಗಳಲ್ಲಿ ಕೂದಲು ಮರಳಿ ಬೆಳೆಯಿತು ಕೂಡ. ಊಹೆ ಸರಿಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸಾಕ್ಷಿ ತಪ್ಪಾಗಿತ್ತು. ಆ ಮದ್ದುಗಳಲ್ಲಿ ಪ್ರಧಾನವಾದ ಮೆಜೆಸ್ಟ್ರಾಲ್ ಅಸಿಟೇಟ್ ಎಂಬುದಕ್ಕೆ ಉರಿಯೂತವನ್ನೂ ನವೆಯನ್ನೂ ಅಡಗಿಸುವ ಗುಣವಿದೆ. ನವೆ ಅಡಗಿತು, ಬೆಕ್ಕು ನೆಕ್ಕುವುದನ್ನು ನಿಲ್ಲಿಸಿತು, ಕೂದಲು ಬಂದಿತು. ಹಾರ್ಮೋನಿನ ಕೊರತೆ ಎಂದೂ ಇರಲಿಲ್ಲ. ಆದರೆ ಮದ್ದಿನ ಅಡ್ಡಪರಿಣಾಮವಾಗಿ ಕೆಲವು ಬೆಕ್ಕುಗಳಿಗೆ ಸಿಹಿಮೂತ್ರ ರೋಗವೂ ಕೆಚ್ಚಲಿನ ಗೆಡ್ಡೆಗಳೂ ಬಂದವು. ಗುಣವಾಯಿತೆಂಬ ಮಾತ್ರಕ್ಕೆ ರೋಗದ ಕಾರಣ ತಿಳಿಯಿತೆಂದು ಹೇಳಲಾಗದು ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ನಿಜವನ್ನು ಹೊರಗೆಡಹಿದ್ದು ಅತ್ಯಂತ ಸರಳವಾದ ಎರಡು ಪರೀಕ್ಷೆಗಳು. ಒಂದು, ಕೊರಳಪಟ್ಟಿ. ನಾಲಗೆ ಮೈಗೆ ತಾಗದಂತೆ ಕೆಲವು ವಾರ ತಡೆದರೆ, ಬೇರೆ ಯಾವ ಮದ್ದೂ ಇಲ್ಲದೆ ಕೂದಲು ಬೆಳೆಯುತ್ತದೆ. ರೋಮಕೂಪಗಳು ಆರೋಗ್ಯವಾಗಿಯೇ ಇದ್ದುವೆಂಬುದು ಇದರಿಂದ ಸಿದ್ಧವಾಗುತ್ತದೆ. ಇನ್ನೊಂದು, ಸೂಕ್ಷ್ಮದರ್ಶಕ. ತಾನಾಗಿ ಉದುರಿದ ಕೂದಲಿನ ತುದಿ ಸೂಜಿಯಂತೆ ಸಪುರವಾಗಿರುತ್ತದೆ. ನಾಲಗೆಯ ಬಾಧೆಗೆ ಒಳಗಾದ ಕೂದಲಿನ ತುದಿಯಾದರೋ ಮೊಂಡಾಗಿ, ಸೀಳಿ ತುಂಡಾಗಿರುತ್ತದೆ. ಬೋಳಾದ ಜಾಗದ ಅಂಚಿನಿಂದ ನಾಲ್ಕು ಕೂದಲುಗಳನ್ನು ಕಿತ್ತು ನೋಡಿದರೆ ವೈದ್ಯನಿಗೆ ಕೆಲವೇ ನಿಮಿಷಗಳಲ್ಲಿ ಉತ್ತರ ದೊರೆಯುತ್ತದೆ. ಬೆಕ್ಕು ಮಲಗಿದ್ದ ಜಾಗದಲ್ಲಿ ಬಿದ್ದಿರುವ ಕೂದಲನ್ನು ತಂದು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿ, ಮೊದಲನೆಯ ಬಗೆಯ ತುದಿಯನ್ನು ವಿದ್ಯಾರ್ಥಿಗಳೂ ಗುರುತಿಸಬಹುದು.

ಮನಸ್ಸಿನ ಮೇಲೆ ಹೊರಿಸಿದ ಅಪವಾದ

ಬೆಕ್ಕು ತಾನೇ ನೆಕ್ಕಿ ಬೋಳಾಗುತ್ತಿದೆಯೆಂಬುದೇನೋ ಗೊತ್ತಾಯಿತು. ಏಕೆ ನೆಕ್ಕುತ್ತದೆ? ಚರ್ಮವನ್ನು ನೋಡಿದರೆ ಕೆಂಪಿಲ್ಲ, ಗಾಯವಿಲ್ಲ. ಹಾಗಾದರೆ ಇದು ಮನಸ್ಸಿನ ಬೇಗೆ, ಬೇಸರ ಅಥವಾ ಭಯದ ಫಲ ಎಂಬ ಅಭಿಪ್ರಾಯ ಬಲವಾಯಿತು. ಹೊಸ ಮನೆ, ಹೊಸ ಕೂಸು, ನೆರೆಮನೆಯ ಗಂಡುಬೆಕ್ಕು, ಹೀಗೆ ಹುಡುಕಿದರೆ ಯಾವುದಾದರೊಂದು ಕಾರಣ ಎಲ್ಲ ಮನೆಗಳಲ್ಲಿಯೂ ಸಿಕ್ಕೇ ಸಿಕ್ಕುತ್ತದೆ. ಇದು ಎರಡನೆಯ ತಪ್ಪು ದಾರಿ.

ಈ ಅಭಿಪ್ರಾಯವನ್ನು ಒರೆಗೆ ಹಚ್ಚಿದವರು ವೈಸ್‌ಗ್ಲಾಸ್ ಮತ್ತು ಅವರ ಸಹೋದ್ಯೋಗಿಗಳು. ಮಾನಸಿಕ ಕಾರಣದಿಂದಲೇ ನೆಕ್ಕುತ್ತಿವೆಯೆಂದು ಊಹಿಸಲಾಗಿದ್ದ 21 ಬೆಕ್ಕುಗಳನ್ನು ಅವರು ಆರಿಸಿಕೊಂಡು, ಪ್ರತಿಯೊಂದನ್ನೂ ಚರ್ಮರೋಗಗಳ ದೃಷ್ಟಿಯಿಂದ ಆಮೂಲಾಗ್ರವಾಗಿ ಪರೀಕ್ಷಿಸಿ, 2006ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. 16 ಬೆಕ್ಕುಗಳಲ್ಲಿ ನವೆಯನ್ನುಂಟುಮಾಡುವ ದೈಹಿಕ ಕಾರಣ ದೊರೆಯಿತು. ಮೂರರಲ್ಲಿ ದೈಹಿಕ ಕಾರಣವೂ ಮಾನಸಿಕ ಕಾರಣವೂ ಕೂಡಿದ್ದವು. ಕೇವಲ ಮಾನಸಿಕ ಕಾರಣವೆನ್ನಬಹುದಾದವು ಎರಡೇ ಎರಡು! ಅರ್ಧಕ್ಕಿಂತ ಹೆಚ್ಚು ಬೆಕ್ಕುಗಳಿಗೆ, ಅಂದರೆ 12ಕ್ಕೆ, ಅವು ತಿನ್ನುತ್ತಿದ್ದ ಆಹಾರವೇ ಒಗ್ಗುತ್ತಿರಲಿಲ್ಲ. 21 ಎಂಬುದು ಸಣ್ಣ ಸಂಖ್ಯೆಯೇ ಸರಿ. ಆದರೂ ಮನಸ್ಸಿನ ಮೇಲೆ ಅಪವಾದ ಹೊರಿಸುವ ಮುನ್ನ ಚರ್ಮವನ್ನು ಕೂಲಂಕಷವಾಗಿ ನೋಡಬೇಕೆಂಬ ಪಾಠ ಅಂದಿನಿಂದ ಸ್ಥಿರಪಟ್ಟಿತು. ಕಣ್ಣಿಗೆ ಕಾಣದ ನವೆಯೂ ನವೆಯೇ.

ಒಗ್ಗದಿಕೆ ಎಂದರೇನು?

ಈ ನವೆಗೆ ಹಲವು ಮೂಲಗಳಿರಬಹುದು. ಚರ್ಮದಲ್ಲಿ ವಾಸಿಸುವ ನುಸಿಗಳು ಕಜ್ಜಿಯನ್ನುಂಟುಮಾಡುತ್ತವೆ. ಹುಳುಕಡ್ಡಿ ಎಂಬ ಶಿಲೀಂಧ್ರರೋಗದಿಂದಲೂ ಕೂದಲು ಹೋಗುತ್ತದೆ. ಇದು ಮನೆಯ ಮಕ್ಕಳಿಗೂ ಅಂಟುವಂಥದಾದ್ದರಿಂದ ಮೊದಲೇ ಪರೀಕ್ಷಿಸಿ ತಿಳಿಯಬೇಕು. ಮೂತ್ರಕೋಶದ ಬೇನೆಯಿರುವ ಬೆಕ್ಕು, ನೋವಿರುವೆಡೆಯ ಹೊಟ್ಟೆಯನ್ನು ನೆಕ್ಕುವುದುಂಟು. ಇವೆಲ್ಲವನ್ನೂ ತಳ್ಳಿಹಾಕಿದ ಮೇಲೆ ಉಳಿಯುವ ದೊಡ್ಡ ವರ್ಗವೇ ಅಲರ್ಜಿ.

ಈ ಪದವನ್ನು 1906ರಲ್ಲಿ ಸೃಷ್ಟಿಸಿದವನು ಆಸ್ಟ್ರಿಯ ದೇಶದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಗ್ರೀಕ್ ಭಾಷೆಯ ‘ಬೇರೆ’ ಮತ್ತು ‘ಕಾರ್ಯ’ ಎಂಬ ಶಬ್ದಗಳಿಂದ ಅದನ್ನು ಕಟ್ಟಲಾಗಿದೆ. ಕನ್ನಡದಲ್ಲಿ ‘ಒಗ್ಗದಿಕೆ’ ಎಂದರೆ ಅದರ ಭಾವ ಬರುತ್ತದೆ. ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯು ನಿರುಪದ್ರವಿಯಾದ ವಸ್ತುವನ್ನು ಶತ್ರುವೆಂದು ತಪ್ಪಾಗಿ ತಿಳಿದು ಅದರ ಮೇಲೆ ಯುದ್ಧ ಹೂಡುವುದೇ ಒಗ್ಗದಿಕೆ. ಕಾವಲುಗಾರನು ಮನೆಯ ಅತಿಥಿಯನ್ನು ಕಳ್ಳನೆಂದು ಭ್ರಮಿಸಿದಂತೆ.

1921ರಲ್ಲಿ ಜರ್ಮನಿಯ ಪ್ರಾಸ್ನಿಟ್ಸ್ ಮತ್ತು ಕ್ಯೂಸ್ಟ್ನರ್ ಎಂಬ ವಿಜ್ಞಾನಿಗಳು ಇದರ ರಹಸ್ಯದ ಮೊದಲ ಎಳೆಯನ್ನು ಹಿಡಿದರು. ಕ್ಯೂಸ್ಟ್ನರನಿಗೆ ಮೀನು ಒಗ್ಗುತ್ತಿರಲಿಲ್ಲ. ಅವನ ರಕ್ತದ ತಿಳಿಯನ್ನು ಪ್ರಾಸ್ನಿಟ್ಸನ ಚರ್ಮದೊಳಗೆ ಚುಚ್ಚಿ, ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ, ಮೀನನ್ನು ಆರಾಮವಾಗಿ ತಿನ್ನುತ್ತಿದ್ದ ಪ್ರಾಸ್ನಿಟ್ಸನ ಚರ್ಮದಲ್ಲಿ ಕೆಂಪು ದದ್ದು ಎದ್ದಿತು. ಒಗ್ಗದಿಕೆಯನ್ನು ಹೊತ್ತು ತರುವ ಯಾವುದೋ ವಸ್ತು ರಕ್ತದಲ್ಲಿದೆಯೆಂಬುದು ಇದರಿಂದ ಸ್ಪಷ್ಟವಾಯಿತು. ಆ ವಸ್ತು ಒಂದು ವಿಶೇಷ ಬಗೆಯ ಪ್ರತಿಕಾಯವೆಂದು 1966ರಲ್ಲಿ ಜಪಾನಿನ ಇಷಿಜಾಕ ದಂಪತಿಗಳು ತೋರಿಸಿಕೊಟ್ಟರು. ಅದಕ್ಕೆ ಇಮ್ಯುನೊಗ್ಲಾಬ್ಯುಲಿನ್-ಇ ಎಂದು ಹೆಸರು. ಇದು ಚರ್ಮದಲ್ಲಿರುವ ಮಾಸ್ಟ್ ಕೋಶಗಳಿಗೆ ಅಂಟಿಕೊಂಡು ಕಾಯುತ್ತಿರುತ್ತದೆ. ಒಗ್ಗದ ವಸ್ತು ಬಂದು ತಾಗಿದೊಡನೆ ಆ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಗೆ ಚೆಲ್ಲುತ್ತವೆ. ನರಗಳ ತುದಿ ಕೆರಳಿ ನವೆ ಹುಟ್ಟುತ್ತದೆ.

ಬೆಕ್ಕಿನಲ್ಲಿ ಈ ಪ್ರತಿಕಾಯದ ಪಾತ್ರ ಮನುಷ್ಯರಲ್ಲಿ ಕಂಡಷ್ಟು ಖಚಿತವಾಗಿ ಸ್ಥಾಪಿತವಾಗಿಲ್ಲ. ಆದರೆ ಒಗ್ಗದಿಕೆಯು ಬೆಕ್ಕಿನ ಚರ್ಮದಲ್ಲಿ ನಾಲ್ಕು ರೂಪಗಳನ್ನು ತಾಳುತ್ತದೆಂಬುದು ಅನುಭವಸಿದ್ಧ: ಬೆನ್ನಿನ ಮೇಲೆ ರಾಗಿಕಾಳಿನಂತೆ ಕೈಗೆ ಹತ್ತುವ ಸಣ್ಣ ಹುರುಪೆಗಳು, ತಲೆ ಮತ್ತು ಕೊರಳನ್ನು ಗಾಯವಾಗುವಂತೆ ಕೆರೆದುಕೊಳ್ಳುವುದು, ತುಟಿಯ ಮೇಲೆ ಅಥವಾ ಹೊಟ್ಟೆಯ ಮೇಲೆ ಉಬ್ಬಿದ ಕೆಂಪು ಹುಣ್ಣುಗಳು, ಕೊನೆಯದಾಗಿ, ನಾವು ಚರ್ಚಿಸುತ್ತಿರುವ ನೆಕ್ಕಿದ ಬೋಳು. ರೂಪವನ್ನು ನೋಡಿ ಕಾರಣವನ್ನು ಹೇಳಲು ಬಾರದು. ಕಾರಣವನ್ನು ಒಂದೊಂದಾಗಿ ಪರೀಕ್ಷಿಸಿಯೇ ತಿಳಿಯಬೇಕು. ಮುಖ್ಯ ಕಾರಣಗಳು ಮೂರು: ಚಿಗಟ, ಆಹಾರ, ಸುತ್ತಲಿನ ಧೂಳು ಮತ್ತು ಪರಾಗ.

ಮೊದಲನೆಯ ಶಂಕಿತ: ಚಿಗಟ

ಚಿಗಟವು ರಕ್ತ ಹೀರುವಾಗ ತನ್ನ ಜೊಲ್ಲನ್ನು ಚರ್ಮದೊಳಗೆ ಬಿಡುತ್ತದೆ. ಅದರಲ್ಲಿರುವ ಪ್ರೋಟೀನುಗಳು ಒಗ್ಗದ ಬೆಕ್ಕಿಗೆ ಕೆಲವೇ ಕಡಿತಗಳು ಸಾಕು, ನವೆ ಬಹುದಿನ ಕಾಡುತ್ತದೆ. “ನಮ್ಮ ಬೆಕ್ಕಿನಲ್ಲಿ ಒಂದು ಚಿಗಟವೂ ಇಲ್ಲ” ಎಂಬ ಮಾತನ್ನು ವೈದ್ಯರು ದಿನವೂ ಕೇಳುತ್ತಾರೆ. ನವೆಯಿರುವ ಬೆಕ್ಕು ಚಿಗಟಗಳನ್ನು ನೆಕ್ಕಿ ನುಂಗಿಬಿಡುವುದರಿಂದ ಅವು ಕಾಣಿಸದಿರುವುದು ಆಶ್ಚರ್ಯವಲ್ಲ. ಹೇನಿನ ಬಾಚಣಿಗೆಯಂತಹ ಒತ್ತು ಹಲ್ಲಿನ ಬಾಚಣಿಗೆಯಿಂದ ಬೆನ್ನನ್ನು ಬಾಚಿ, ಉದುರಿದ ಕರಿಯ ಪುಡಿಯನ್ನು ಒದ್ದೆಯಾದ ಬಿಳಿಯ ಕಾಗದದ ಮೇಲೆ ಇಟ್ಟು ನೋಡಬೇಕು. ಅದು ಬರಿಯ ಮಣ್ಣಾದರೆ ಬಣ್ಣ ಬಿಡದು. ಚಿಗಟದ ಮಲವಾದರೆ ಜೀರ್ಣವಾದ ರಕ್ತದಿಂದಾಗಿ ಸುತ್ತಲೂ ಕೆಂಗಂದು ಬಣ್ಣ ಹರಡುತ್ತದೆ.

ಚಿಗಟದ ಜೀವನಚರಿತ್ರೆಯನ್ನು ಅರಿಯದೆ ಅದನ್ನು ಗೆಲ್ಲಲಾಗದು. ಒಂದು ಹೆಣ್ಣು ದಿನಕ್ಕೆ 40ರಿಂದ 50 ಮೊಟ್ಟೆಗಳನ್ನಿಡಬಲ್ಲದು. ಮೊಟ್ಟೆಗಳು ಬೆಕ್ಕಿನ ಮೈಮೇಲೆ ನಿಲ್ಲದೆ ಚಾಪೆ, ಹಾಸಿಗೆ, ನೆಲದ ಬಿರುಕುಗಳಿಗೆ ಉದುರುತ್ತವೆ. ಅಲ್ಲಿ ಮರಿಹುಳುಗಳು ಹೊರಬಂದು, ಬೆಳೆದು, ಗೂಡು ಕಟ್ಟಿಕೊಂಡು ಕೋಶಾವಸ್ಥೆಯನ್ನು ಹೊಂದುತ್ತವೆ. ಗೂಡಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು, ಪ್ರಾಣಿಯ ಮೈಶಾಖವೋ ನಡೆಯುವ ಅದುರುವಿಕೆಯೋ ಅರಿವಾದಾಗ ಹೊರಗೆ ನೆಗೆಯಬಲ್ಲವು. ಬೆಕ್ಕಿನ ಮೈಮೇಲೆ ಇರುವ ಚಿಗಟಗಳು ಒಟ್ಟು ಸಂತತಿಯಲ್ಲಿ ಸುಮಾರು ಶೇಕಡ 5 ಮಾತ್ರ, ಉಳಿದುದು ಮನೆಯಲ್ಲಿದೆ. ಮರಿಹುಳುಗಳಿಗೆ ತೇವ ಬೇಕು, ಒಣಹವೆಯಲ್ಲಿ ಅವು ಸಾಯುತ್ತವೆ. ಕರಾವಳಿ ಮಲೆನಾಡುಗಳಂತಹ ಬೆಚ್ಚನೆಯ, ತೇವದ ಸೀಮೆಗಳಲ್ಲಿ ಇವುಗಳ ಕಾಟ ಹೆಚ್ಚಾಗಿರುವುದು ಇದರಿಂದಲೇ. ಹೆಸರಿಗೆ ಬೆಕ್ಕಿನ ಚಿಗಟವಾದರೂ ಇದು ನಾಯಿಯ ಮೈಮೇಲೂ ಧಾರಾಳವಾಗಿ ಬಾಳುತ್ತದೆ. ಆದ್ದರಿಂದ ಮನೆಯ ಎಲ್ಲ ಪ್ರಾಣಿಗಳಿಗೂ ಒಂದೇ ಕಾಲದಲ್ಲಿ, ವೈದ್ಯರು ಸೂಚಿಸಿದ ಮದ್ದನ್ನು, ಕೆಲವು ತಿಂಗಳು ಎಡೆಬಿಡದೆ ಹಾಕಬೇಕು. ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು.

ಎರಡನೆಯ ಶಂಕಿತ: ಆಹಾರ

ಚಿಗಟವನ್ನು ನಿವಾರಿಸಿದ ಮೇಲೂ ನೆಕ್ಕುವುದು ನಿಲ್ಲದಿದ್ದರೆ ಆಹಾರವನ್ನು ಪರೀಕ್ಷಿಸಬೇಕು. ಪ್ರಕಟವಾದ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೆಕ್ಕುಗಳಿಗೆ ಒಗ್ಗದ ಆಹಾರಗಳಲ್ಲಿ ದನದ ಮಾಂಸ, ಮೀನು, ಕೋಳಿಮಾಂಸ ಇವು ಮುಂಚೂಣಿಯಲ್ಲಿ ನಿಲ್ಲುತ್ತವೆ. ನಮ್ಮ ಕರಾವಳಿಯ ಮನೆಗಳಲ್ಲಿ ಬೂತಾಯಿ ಬಂಗುಡೆಗಳ ತಲೆಯನ್ನು ತಿಂದೇ ಬೆಳೆಯುವ ಬೆಕ್ಕಿಗೆ ಮೀನೇ ಒಗ್ಗದಿರಬಹುದೆಂದರೆ ನಂಬುವುದು ಕಷ್ಟ. ಆದರೆ ಒಗ್ಗದಿಕೆ ಹುಟ್ಟುವುದು ಅಪರಿಚಿತ ವಸ್ತುವಿಗಲ್ಲ. ಬಹುಕಾಲ ತಿಂದು ಪರಿಚಿತವಾದ ವಸ್ತುವಿಗೇ. “ಇಷ್ಟು ವರ್ಷ ತಿಂದಿದೆ, ಏನೂ ಆಗಿಲ್ಲ” ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಇದನ್ನು ತಿಳಿಯಲು ರಕ್ತಪರೀಕ್ಷೆಯನ್ನು ನೆಚ್ಚಲಾಗದು. ಭರವಸೆಯಿಡಬಹುದಾದ ವಿಧಾನ ಒಂದೇ: ಬೆಕ್ಕು ಹಿಂದೆಂದೂ ತಿಂದಿರದ ಒಂದು ಮಾಂಸವನ್ನು, ಉದಾಹರಣೆಗೆ ಬಾತುಕೋಳಿ ಅಥವಾ ಮೊಲದ ಮಾಂಸವನ್ನು, ಅಥವಾ ಪ್ರೋಟೀನುಗಳನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು ಸಿದ್ಧಪಡಿಸಿದ ವಿಶೇಷ ಆಹಾರವನ್ನು ಮಾತ್ರ ಕೊಡುತ್ತ ಬರುವುದು. ಎಷ್ಟು ದಿನ? ಒಲಿವ್ರಿ, ಮುಲ್ಲರ್ ಮತ್ತು ಪ್ರೆಲೋ ಎಂಬ ಚರ್ಮರೋಗತಜ್ಞರು 2015ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಆಹಾರದ ಒಗ್ಗದಿಕೆಯಿರುವ ಪ್ರಾಣಿಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚಿನವನ್ನು ಗುರುತಿಸಲು 8 ವಾರಗಳು ಬೇಕೆಂದು ತೋರಿಸಿದರು. ಎರಡು ವಾರದಲ್ಲಿ ಬೇಸತ್ತು ಬಿಟ್ಟವನು ಪರೀಕ್ಷೆಯನ್ನೇ ಮಾಡಲಿಲ್ಲವೆಂದು ತಿಳಿಯಬೇಕು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಪ್ರಯೋಗಶಾಲೆಯ ನಿಯಮವನ್ನೇ ಕಾಣಬಹುದು. ಒಂದು ಅಂಶವನ್ನು ಮಾತ್ರ ಬದಲಿಸಿ, ಉಳಿದುವನ್ನು ಯಥಾಸ್ಥಿತಿಯಲ್ಲಿಡಬೇಕು. ಅಜ್ಜಿ ಹಾಕಿದ ಒಂದು ತುತ್ತು ಮೊಸರನ್ನ, ತಮ್ಮನು ಕದ್ದು ಕೊಟ್ಟ ಒಂದು ಚೂರು ಮೀನು, ನೆರೆಮನೆಯ ಹಾಲು, ಇವುಗಳಲ್ಲಿ ಯಾವುದೊಂದಾದರೂ ಎಂಟು ವಾರಗಳ ಶ್ರಮವನ್ನು ವ್ಯರ್ಥಮಾಡಬಲ್ಲದು. ಕೊನೆಗೆ ಬೆಕ್ಕು ಗುಣಹೊಂದಿದರೂ ಪರೀಕ್ಷೆ ಮುಗಿಯಲಿಲ್ಲ. ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ನವೆ ಮರುಕಳಿಸಿ, ಅದನ್ನು ನಿಲ್ಲಿಸಿದೊಡನೆ ತಿರುಗಿ ಶಮನವಾದರೆ ಮಾತ್ರ ಆ ಆಹಾರವೇ ಕಾರಣವೆಂದು ಸಿದ್ಧವಾಗುತ್ತದೆ. ಹಾರ್ಮೋನು ಮದ್ದಿನ ಕಾಲದಲ್ಲಿ ಇಂತಹ ಮರುಪರೀಕ್ಷೆಯ ಜಾಗರೂಕತೆಯೇ ಇರಲಿಲ್ಲ.

ಒಂದು ಎಚ್ಚರಿಕೆ: ಮಾಂಸಾಹಾರವೇ ಒಗ್ಗದೆಂದು ಬೆಕ್ಕನ್ನು ಅನ್ನ ತರಕಾರಿಗಳಲ್ಲಿಯೇ ಸಾಕುವಂತಿಲ್ಲ. ಟಾರಿನ್ ಎಂಬ ವಸ್ತುವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು; ಅದು ಮಾಂಸದಿಂದಲೇ ದೊರೆಯಬೇಕು. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟ ಕೆಡುವುದೆಂದು 1975ರಲ್ಲಿ, ಹೃದಯ ದುರ್ಬಲಗೊಳ್ಳುವುದೆಂದು 1987ರಲ್ಲಿ ಗೊತ್ತಾಯಿತು.

ಮೂರನೆಯ ಶಂಕಿತ: ಸುತ್ತಲಿನ ಗಾಳಿ

ಚಿಗಟವೂ ಅಲ್ಲ, ಆಹಾರವೂ ಅಲ್ಲವೆಂದಾದ ಮೇಲೆ ಉಳಿಯುವುದು ಮನೆಯ ಧೂಳಿನ ನುಸಿ, ಹುಲ್ಲು ಗಿಡಗಳ ಪರಾಗ, ಬೂಷ್ಟು ಮುಂತಾದವು. ಇವನ್ನು ಸಂಪೂರ್ಣವಾಗಿ ದೂರವಿಡುವುದು ಅಸಾಧ್ಯ. ಆದುದರಿಂದ ಇಲ್ಲಿ ಗುರಿ ನಿರ್ಮೂಲನವಲ್ಲ, ಹತೋಟಿ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮದ್ದು ನವೆಯನ್ನು ಬೇಗ ತಗ್ಗಿಸುತ್ತದೆ. ಆದರೆ ಬಹುಕಾಲ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಸಿಹಿಮೂತ್ರದ ಭಯವಿದೆ. ಸೈಕ್ಲೊಸ್ಪೊರಿನ್ ಎಂಬ ಇನ್ನೊಂದು ಮದ್ದು ನಿಧಾನವಾಗಿ ಕೆಲಸಮಾಡುತ್ತದೆ. ಒಗ್ಗದ ವಸ್ತುವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚುತ್ತ, ಕ್ರಮೇಣ ಏರಿಸುತ್ತ, ದೇಹವನ್ನು ಅದಕ್ಕೆ ಒಗ್ಗಿಸುವ ವಿಧಾನವೂ ಉಂಟು. 1911ರಲ್ಲಿ ಲಂಡನ್ನಿನ ಲೆನರ್ಡ್ ನೂನ್ ಎಂಬ ವೈದ್ಯನು ಹುಲ್ಲಿನ ಪರಾಗ ಒಗ್ಗದ ಮನುಷ್ಯರಲ್ಲಿ ಇದನ್ನು ಪ್ರಯೋಗಿಸಿದ್ದನು. ಇಂದು ಬೆಕ್ಕುಗಳಿಗೂ ಇದನ್ನು ಬಳಸುತ್ತಾರೆ. ಎಲ್ಲ ಬೆಕ್ಕುಗಳಿಗೂ ಇದು ಫಲಿಸದು. ಫಲ ಕಾಣಲು ತಿಂಗಳುಗಳೇ ಬೇಕು.

ಮದ್ದೇ ವಿಷವಾದೀತು

ಸಂಯಮವಿಲ್ಲದ ಮನೆಮದ್ದಿನಿಂದ ಬೆಕ್ಕಿಗೆ ಆಗುವ ಹಾನಿ ಕೆಲವೊಮ್ಮೆ ರೋಗಕ್ಕಿಂತ ಘೋರವಾದುದು. ಮೈಗೆ ಹಚ್ಚಿದುದೆಲ್ಲವೂ ಬೆಕ್ಕಿನ ಹೊಟ್ಟೆಗೆ ಹೋಗುತ್ತದೆ, ಏಕೆಂದರೆ ಅದು ನೆಕ್ಕದೆ ಬಿಡದು. ಅದರ ಮೇಲೆ, ಬೆಕ್ಕಿನ ಯಕೃತ್ತಿನಲ್ಲಿ ಒಂದು ವಿಶೇಷವಾದ ಕೊರತೆಯಿದೆ. ಅನೇಕ ವಿಷಗಳನ್ನು ನೀರಿನಲ್ಲಿ ಕರಗುವ ರೂಪಕ್ಕೆ ತಂದು ಹೊರಹಾಕುವ ಒಂದು ಕಿಣ್ವವು ಮನುಷ್ಯರಲ್ಲಿಯೂ ನಾಯಿಯಲ್ಲಿಯೂ ಇದೆ. ಬೆಕ್ಕಿನಲ್ಲಿ ಅದನ್ನು ರೂಪಿಸಬೇಕಾದ ಜೀನ್ ನಿಷ್ಕ್ರಿಯವಾಗಿದೆ. ಆದುದರಿಂದಲೇ ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ಮಾರಕ. ಫಿನೈಲಿನಲ್ಲಿರುವ ಫೀನಾಲ್ ಜಾತಿಯ ವಸ್ತುಗಳೂ ಹಾಗೆಯೇ. ಫಿನೈಲ್ ಹಾಕಿ ಒರೆಸಿದ ಹಸಿನೆಲದ ಮೇಲೆ ನಡೆದ ಬೆಕ್ಕು ಬಳಿಕ ತನ್ನ ಪಾದಗಳನ್ನು ನೆಕ್ಕುತ್ತದೆಂಬುದನ್ನು ಮರೆಯಬಾರದು. ನಾಯಿಯ ಚಿಗಟಕ್ಕೆಂದು ಮಾರುವ ಕೆಲವು ಮದ್ದುಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ನಡುಕ, ಸೆಳವು ತಂದು ಕೊಲ್ಲಬಲ್ಲದು. ಸೀಮೆಎಣ್ಣೆ, ಕರ್ಪೂರದ ಎಣ್ಣೆ, ಮನುಷ್ಯರ ಚರ್ಮದ ಮುಲಾಮು, ಇವು ಯಾವುವೂ ಕೂಡದು.

ಕೊರಳಪಟ್ಟಿಯಾದರೋ ಹುಣ್ಣು ಮಾಯುವವರೆಗೆ ಚರ್ಮವನ್ನು ಕಾಪಾಡಲು ಉಪಯುಕ್ತ. ಆದರೆ ಅದು ನಾಲಗೆಯನ್ನು ತಡೆಯುತ್ತದೆಯೇ ಹೊರತು ನವೆಯನ್ನಲ್ಲ. ಕಾರಣವನ್ನು ಹುಡುಕದೆ ಪಟ್ಟಿಯನ್ನು ಮಾತ್ರ ಕಟ್ಟಿದರೆ, ಕೈಗಳನ್ನು ಕಟ್ಟಿಹಾಕಿದ ಕಜ್ಜಿರೋಗಿಯ ಪಾಡು ಬೆಕ್ಕಿನದಾಗುತ್ತದೆ.

ಮನಸ್ಸಿಗೂ ಪಾಲಿದೆ

ಹಾಗಾದರೆ ಬೆಕ್ಕಿನ ಮನಸ್ಸಿಗೆ ಇದರಲ್ಲಿ ಏನೂ ಪಾತ್ರವಿಲ್ಲವೇ? ಇದೆ, ಆದರೆ ಅದನ್ನು ಕೊನೆಯಲ್ಲಿ ವಿಚಾರಿಸಬೇಕು. ಎರಡು ಪ್ರಬಲ ಪ್ರೇರಣೆಗಳ ನಡುವೆ ಸಿಕ್ಕಿ ತಬ್ಬಿಬ್ಬಾದ ಪ್ರಾಣಿ, ಸಂದರ್ಭಕ್ಕೆ ಸಂಬಂಧವಿಲ್ಲದ ಪರಿಚಿತ ಕೆಲಸವೊಂದನ್ನು ಮಾಡುವುದು ಪ್ರಾಣಿವರ್ತನೆಯ ಶಾಸ್ತ್ರದಲ್ಲಿ ಪ್ರಸಿದ್ಧವಾದ ಸಂಗತಿ. ಬೆದರಿದ ಬೆಕ್ಕು ಓಡಲೋ ಹೋರಾಡಲೋ ಎಂದು ನಿರ್ಧರಿಸಲಾರದೆ ಥಟ್ಟನೆ ಕುಳಿತು ಮೈ ನೆಕ್ಕುವುದನ್ನು ಕಾಣಬಹುದು. ಕಳವಳ ದೀರ್ಘಕಾಲ ಮುಂದುವರಿದರೆ ಇದೂ ಮಿತಿಮೀರಬಲ್ಲದು. ಅಡಗಿಕೊಳ್ಳಲು ಒಂದು ಎತ್ತರದ ಮೂಲೆ, ಹಲವು ಬೆಕ್ಕುಗಳಿದ್ದರೆ ಪ್ರತ್ಯೇಕವಾದ ಊಟದ ತಟ್ಟೆ, ದಿನವೂ ಸ್ವಲ್ಪ ಹೊತ್ತು ಆಟ, ಊಟಕ್ಕೆ ಗೊತ್ತಾದ ವೇಳೆ, ಇವಿಷ್ಟನ್ನು ಒದಗಿಸಿದರೆ ಅನೇಕ ಬೆಕ್ಕುಗಳು ಶಾಂತವಾಗುತ್ತವೆ. ಅಗತ್ಯಬಿದ್ದರೆ ವೈದ್ಯರು ಮದ್ದನ್ನೂ ಕೊಡುತ್ತಾರೆ. ನೆಕ್ಕಿದಾಗ ಗದರಿಸುವುದು ಮಾತ್ರ ತಕ್ಕದ್ದಲ್ಲ. ಕಳವಳವನ್ನು ಹೆಚ್ಚಿಸುವುದಲ್ಲದೆ, ಬೆಕ್ಕು ಮರೆಯಲ್ಲಿ ನೆಕ್ಕುವಂತೆ ಮಾಡುವುದೇ ಅದರ ಫಲ.

ಇಷ್ಟೆಲ್ಲ ಮಾಡಿದರೂ ಕೆಲವು ಬೆಕ್ಕುಗಳ ಒಗ್ಗದಿಕೆ ಜೀವಮಾನವಿಡೀ ಉಳಿಯುತ್ತದೆ. ನವೆ ತಗ್ಗುವುದು, ಮತ್ತೆ ಏರುವುದು, ಪುನಃ ತಗ್ಗಿಸುವುದು, ಹೀಗೆ ಸಾಕಿದವರ ಸಹನೆಗೆ ಅದೊಂದು ಪರೀಕ್ಷೆ. ದಿನಾಂಕ, ಕೊಟ್ಟ ಆಹಾರ, ಹಾಕಿದ ಮದ್ದು, ಬೋಳಾದ ಜಾಗದ ಅಳತೆ, ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಆಗ ಬಹಳ ನೆರವಾಗುತ್ತದೆ. ನೆನಪು ಮೋಸಮಾಡಬಹುದು, ಬರೆಹ ಮಾಡದು. ಬೆಕ್ಕಿಗೆ ಬಾಯಿಲ್ಲವೆಂದು ಹೇಳುತ್ತೇವೆ. ತನ್ನ ಬಾಧೆಯನ್ನು ಅದು ಹೇಳುತ್ತಲೇ ಇದೆ, ನಾಲಗೆಯಿಂದಲೇ ಹೇಳುತ್ತಿದೆ. ಅದು ತೋರಿಸಿದ ಜಾಗವನ್ನು ನೋಡಿ, ಒಂದೊಂದೇ ಕಾರಣವನ್ನು ಪರೀಕ್ಷಿಸಿ ತಿಳಿಯುವ ತಾಳ್ಮೆ ನಮ್ಮಲ್ಲಿರಬೇಕು.